ಅರಮನೆ ಅಳಿಯಿತು, ನಾಣ್ಯ ಉಳಿಯಿತು

ದೀಪಾವಳಿ ಸಮೀಪಿಸಿತೆಂದರೆ ಹೊಸಪೇಟೆ, ಬಳ್ಳಾರಿ, ಸಂಡೂರುಗಳ ಬೆಳ್ಳಿಬಂಗಾರದ ಅಂಗಡಿಗಳಲ್ಲಿ ಬೆಳ್ಳಿಯ ನಾಣ್ಯಗಳನ್ನು ಕೊಳ್ಳುವವರ ಸಂದಣಿ ಹೆಚ್ಚುತ್ತದೆ. ಪೂಜೆಯ ತಟ್ಟೆಯಲ್ಲಿಡಲು ಒಂದು, ಮೊಮ್ಮಗನ ನಾಮಕರಣಕ್ಕೆ ಒಂದು, ಹೊಸ ಅಳಿಯನಿಗೆ ಉಡುಗೊರೆಯಾಗಿ ಒಂದು, ಹೀಗೆ ಕುಟುಂಬಸ್ಥರು ಕೊಳ್ಳುತ್ತಾರೆ. ಮೊದಲೆಲ್ಲ ಇವುಗಳ ಮೇಲೆ ದೇವತೆಗಳ ಚಿತ್ರ ಮಾತ್ರ ಇರುತ್ತಿತ್ತು. ಈಗ ಅರಮನೆ, ಕೋಟೆ, ದೇವಾಲಯ ಮೊದಲಾದ ಐತಿಹಾಸಿಕ ಕಟ್ಟಡಗಳನ್ನು ಒತ್ತಿದ ಸ್ಮಾರಕ ನಾಣ್ಯಗಳಿಗೂ ಬಿಲ್ಲೆಗಳಿಗೂ ಬೇಡಿಕೆ ಉಂಟಾಗಿದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಹೊಸ ಬೆಳ್ಳಿಯನ್ನು ಕೊಳ್ಳುವ ಉತ್ಸಾಹದಲ್ಲಿ ಮನೆಯ ಹಳೆಯ ಬೆಳ್ಳಿಯ ಗತಿ ಏನಾಗುತ್ತಿದೆ ಎಂಬುದನ್ನು ವಿಚಾರಿಸಬೇಕಾದ ಕಾಲ ಬಂದಿದೆ. ಆದುದರಿಂದ ಈ ವಿಷಯವಾಗಿ ನಾಲ್ಕು ಮಾತುಗಳನ್ನು ಸದ್ಭಕ್ತರಾದ ಓದುಗರ ಮುಂದಿಡಲು ಬಯಸುತ್ತೇವೆ.

ಸ್ಮಾರಕ ನಾಣ್ಯವೆಂದರೇನು?

ವ್ಯಕ್ತಿಯೊಬ್ಬರ ಅಥವಾ ಘಟನೆಯೊಂದರ ನೆನಪಿಗಾಗಿ ಸರ್ಕಾರವು ಟಂಕಿಸುವ ನಾಣ್ಯವೇ ಸ್ಮಾರಕ ನಾಣ್ಯ. ಸ್ವತಂತ್ರ ಭಾರತದಲ್ಲಿ ಈ ಪದ್ಧತಿ 1964ರಲ್ಲಿ ಜವಾಹರಲಾಲ ನೆಹರೂ ಅವರ ಸ್ಮರಣಾರ್ಥ ಹೊರಟ ನಾಣ್ಯಗಳಿಂದ ಆರಂಭವಾಯಿತು. 1969ರಲ್ಲಿ ಮಹಾತ್ಮಾ ಗಾಂಧಿಯವರ ಜನ್ಮಶತಾಬ್ದಿಯ ನಿಮಿತ್ತ ಹತ್ತು ರೂಪಾಯಿಯ ಬೆಳ್ಳಿಯ ನಾಣ್ಯ ಹೊರಟಿತು. ಅದರ ತೂಕ 15 ಗ್ರಾಂ. ಅದರಲ್ಲಿ ನೂರಕ್ಕೆ 80 ಪಾಲು ಬೆಳ್ಳಿ. ಅಂದಿನಿಂದ ಇಂದಿನವರೆಗೆ ಇಂತಹ ನಾಣ್ಯಗಳು ಅನೇಕ ಬಂದಿವೆ.

ಕಟ್ಟಡಗಳನ್ನು ನಾಣ್ಯದ ಮೇಲೆ ತರುವ ಅಭ್ಯಾಸ ಯೂರೋಪಿನಲ್ಲಿ ವಿಶೇಷವಾಗಿ ಬೆಳೆದಿದೆ. ಪೋಲೆಂಡ್ ದೇಶವು ತನ್ನ ಕೋಟೆಗಳನ್ನೂ ಅರಮನೆಗಳನ್ನೂ ಕುರಿತು 1990ರ ದಶಕದಿಂದ ಬೆಳ್ಳಿಯ ನಾಣ್ಯಮಾಲಿಕೆಯನ್ನೇ ಹೊರಡಿಸಿತು. ನಮ್ಮ ದೇಶದಲ್ಲಿ 2010ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯಕ್ಕೆ ಸಾವಿರ ವರ್ಷ ತುಂಬಿದ ನೆನಪಿಗೆ ಸಾವಿರ ರೂಪಾಯಿಯ ನಾಣ್ಯ ಹೊರಟಿತು. 35 ಗ್ರಾಂ ತೂಕದ ಆ ನಾಣ್ಯದಲ್ಲಿ ನೂರಕ್ಕೆ 80 ಪಾಲು ಬೆಳ್ಳಿ, ಉಳಿದುದು ತಾಮ್ರ. 2023ರ ಮೇ 28ರಂದು ಹೊಸ ಸಂಸತ್ ಭವನ ಉದ್ಘಾಟನೆಯಾದಾಗ ಆ ಭವನದ ಚಿತ್ರವುಳ್ಳ 75 ರೂಪಾಯಿಯ ನಾಣ್ಯ ಬಂದಿತು. ಅದರ ತೂಕವೂ 35 ಗ್ರಾಂ. ಬೆಳ್ಳಿ ಮಾತ್ರ ಅರ್ಧದಷ್ಟು. ಕಾಗದದ ನೋಟುಗಳ ಮಾತಿಗೆ ಬಂದರೆ, ಮೊಗಲರ ಅರಮನೆಯಾಗಿದ್ದ ದೆಹಲಿಯ ಕೆಂಪುಕೋಟೆ 2016ರಿಂದ ಐನೂರರ ನೋಟಿನ ಮೇಲಿದೆ. ನಮ್ಮ ಹಂಪಿಯ ಕಲ್ಲಿನ ರಥ 2017ರಿಂದ ಐವತ್ತರ ನೋಟಿನ ಮೇಲಿದೆ. ಕುರೆಕುಪ್ಪದ ಸಂತೆಯಲ್ಲಿ ತರಕಾರಿ ಕೊಳ್ಳುವ ತಾಯಿಯ ಕೈಯಲ್ಲಿ ವಿಠ್ಠಲ ದೇವಾಲಯದ ರಥವಿರುತ್ತದೆ. ಅದನ್ನು ತಿರುಗಿಸಿ ನೋಡುವ ವ್ಯವಧಾನ ಎಷ್ಟು ಜನರಿಗಿದೆಯೋ!

ವಿಜಯನಗರದ ಅರಸರು ಅರಮನೆಯನ್ನು ಒತ್ತಲಿಲ್ಲ

ಈ ಸೀಮೆಯಲ್ಲಿ ಹುಟ್ಟಿದವರಿಗೆ ಸಹಜವಾಗಿ ಒಂದು ಪ್ರಶ್ನೆ ಮೂಡುತ್ತದೆ. ಇಷ್ಟು ದೊಡ್ಡ ಅರಮನೆಗಳನ್ನು ಕಟ್ಟಿಸಿದ ವಿಜಯನಗರದ ಅರಸರು ಅವುಗಳ ಚಿತ್ರವನ್ನು ತಮ್ಮ ನಾಣ್ಯಗಳ ಮೇಲೆ ಒತ್ತಿಸಿದರೇ? ಒತ್ತಿಸಲಿಲ್ಲ. ಸಂಗಮ ವಂಶದ ಆರಂಭದ ನಾಣ್ಯಗಳಲ್ಲಿ ಹನುಮಂತ, ಗರುಡ. ಅನಂತರ ಉಮಾಮಹೇಶ್ವರ, ಲಕ್ಷ್ಮೀನಾರಾಯಣ. ಕೃಷ್ಣದೇವರಾಯನ ಕಾಲದಲ್ಲಿ ಬಾಲಕೃಷ್ಣ. ಅಚ್ಯುತರಾಯನ ಕಾಲದಲ್ಲಿ ಗಂಡಭೇರುಂಡ. ಎರಡನೆಯ ದೇವರಾಯನ ನಾಣ್ಯಗಳಲ್ಲಿ ಆನೆ ಬಂದಿದೆ. ಹಿಂಬದಿಯಲ್ಲಿ ಅರಸನ ಹೆಸರು ನಾಗರಿಯಲ್ಲಿಯೋ ಕನ್ನಡದಲ್ಲಿಯೋ ಇರುತ್ತಿತ್ತು. ಅರಸನ ಮುಖವಾಗಲಿ ಅವನ ಸಿಂಹಾಸನವಾಗಲಿ ಅವನು ವಾಸಿಸುವ ಮನೆಯಾಗಲಿ ಈ ನಾಣ್ಯಗಳ ಸಾಮಾನ್ಯ ಲಾಂಛನವಾಗಲಿಲ್ಲ.

ಇದೇ ಎರಡನೆಯ ದೇವರಾಯನು ವೀರಶೈವ ಸಾಹಿತ್ಯದಲ್ಲಿ ಪ್ರೌಢದೇವರಾಯನೆಂದು ಪ್ರಖ್ಯಾತನಾದವನು. ‘ಪ್ರಭುಲಿಂಗಲೀಲೆ’ಯ ಕರ್ತೃ ಚಾಮರಸನೂ ‘ಶಿವತತ್ತ್ವಚಿಂತಾಮಣಿ’ಯನ್ನು ಬರೆದ ಲಕ್ಕಣ್ಣ ದಂಡೇಶನೂ ಇವನ ಕಾಲದವರು. ಲಕ್ಕಣ್ಣನು ಕವಿಯಷ್ಟೇ ಅಲ್ಲ, ರಾಜ್ಯದ ದಂಡನಾಯಕ. ಆನೆಯ ಚಿತ್ರವುಳ್ಳ ತಾಮ್ರದ ನಾಣ್ಯಗಳಲ್ಲಿ ಅವನ ಹೆಸರು ಕನ್ನಡ ಲಿಪಿಯಲ್ಲಿ ಕಾಣಿಸುತ್ತದೆ. ಶಿವತತ್ತ್ವವನ್ನು ಬರೆದ ಕೈಗೂ ನಾಣ್ಯಕ್ಕೂ ಇಂತಹ ನಂಟಿತ್ತೆಂಬುದನ್ನು ನಮ್ಮ ಮಕ್ಕಳಿಗೆ ತಿಳಿಸಬೇಕು.

1443ರಲ್ಲಿ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನು ವಿಜಯನಗರಕ್ಕೆ ಬಂದನು. ಅವನು ಆ ಕಾಲದ ನಾಣ್ಯಪದ್ಧತಿಯನ್ನು ಸ್ಪಷ್ಟವಾಗಿ ದಾಖಲಿಸಿದ್ದಾನೆ. ಚಿನ್ನದ ದೊಡ್ಡ ನಾಣ್ಯ ವರಹ. ಅದರ ಅರ್ಧ ಪ್ರತಾಪ. ಪ್ರತಾಪದ ಹತ್ತನೆಯ ಒಂದು ಪಾಲು ಹಣ. ಹಣದ ಆರನೆಯ ಒಂದು ಪಾಲು ತಾರ, ಇದು ಬೆಳ್ಳಿಯದು. ತಾರದ ಮೂರನೆಯ ಒಂದು ಪಾಲು ತಾಮ್ರದ ಜೀತಲ. ಲೆಕ್ಕ ಹಾಕಿದರೆ ಒಂದು ವರಹಕ್ಕೆ 20 ಹಣ, 120 ತಾರ, 360 ಜೀತಲವಾಗುತ್ತದೆ. ವರಹದ ತೂಕ ಸುಮಾರು 3.4 ಗ್ರಾಂ ಮಾತ್ರ. ಚಿನ್ನವೇ ಮುಖ್ಯವಾಗಿದ್ದ ಆ ರಾಜ್ಯದಲ್ಲಿ ಬೆಳ್ಳಿಯದು ಸಣ್ಣ ಪಾತ್ರ. ಇಂದು ನಾವು ಸರ್ವಸಾಮಾನ್ಯವಾಗಿ ಬಳಸುವ ‘ಹಣ’ ಎಂಬ ಮಾತು ಆ ಚಿಕ್ಕ ಚಿನ್ನದ ನಾಣ್ಯದ ಹೆಸರೇ ಆಗಿದೆ.

ಅರಮನೆಯ ಬಳಿಯಲ್ಲಿಯೇ ಟಂಕಸಾಲೆಯಿತ್ತೆಂದು ರಜಾಕನು ಹೇಳುತ್ತಾನೆ. ಹಂಪಿಯ ರಾಜಾಂಗಣದ ಸಮೀಪದಲ್ಲಿ ಟಂಕಸಾಲೆಯೆಂದು ತೋರಿಸುವ ಆವರಣ ಇಂದಿಗೂ ಇದೆ. ಅರಸನ ಭಂಡಾರದಲ್ಲಿ ನೆಲದಲ್ಲಿ ತೋಡಿದ ಗುಂಡಿಗಳಿಗೆ ಕರಗಿದ ಚಿನ್ನವನ್ನು ಎರೆದು ಗಟ್ಟಿಮಾಡಿ ಇಡುತ್ತಿದ್ದರೆಂದೂ ಅವನು ಬರೆದಿದ್ದಾನೆ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಅರಮನೆಯೊಳಗಣ ಕೊಠಡಿಯೊಂದನ್ನು ವರ್ಣಿಸಿದ್ದಾನೆ. ಅದರ ಗೋಡೆ, ಕಂಬ, ತೊಲೆಗಳೆಲ್ಲ ಆನೆಯ ದಂತದಲ್ಲಿ ಕೆತ್ತಿದ ಹೂಗಳಿಂದ ತುಂಬಿದ್ದವಂತೆ.

ಆ ದಂತದ ಕೊಠಡಿ ಈಗೆಲ್ಲಿದೆ? 1565ರ ಜನವರಿಯಲ್ಲಿ ರಕ್ಕಸಗಿ-ತಂಗಡಗಿಯ ಯುದ್ಧ ನಡೆಯಿತು. ರಾಜಧಾನಿ ಸೂರೆಯಾಯಿತು, ಬೆಂಕಿಗೆ ತುತ್ತಾಯಿತು. ಕಲ್ಲಿನ ಅಧಿಷ್ಠಾನದ ಮೇಲೆ ಮರದಿಂದ ಕಟ್ಟಿದ್ದ ಅರಮನೆಗಳು ಬೂದಿಯಾದವು. ಇಂದು ಮಹಾನವಮಿ ದಿಬ್ಬದ ಸುತ್ತಲಿನ ಬಯಲಿನಲ್ಲಿ ಕಾಣುವುದು ಅಧಿಷ್ಠಾನಗಳ ಸಾಲು, ಕಂಬ ನೆಟ್ಟಿದ್ದ ಕುಳಿಗಳು, ನೀರಿನ ಕಾಲುವೆಗಳು. ಗಾರೆಗಚ್ಚಿನ ಕಮಲಮಹಲಿನಂತಹ ಕೆಲವೇ ಕಟ್ಟಡಗಳು ನಿಂತಿವೆ. ಆದರೆ ಟಂಕಸಾಲೆಯಿಂದ ಹೊರಟ ಆ ಪುಟ್ಟ ವರಹ ನಾಶವಾಗಲಿಲ್ಲ. ಅದು ವ್ಯಾಪಾರಿಯ ಹಮ್ಮಿಣಿಯಲ್ಲಿ ಊರೂರು ಸುತ್ತಿತು. ಅರಮನೆ ಉರಿದ ಮೇಲೂ ಸಂತೆಯಲ್ಲಿ ಸಲ್ಲಿತು. ಕಮಲಾಪುರದ ಪುರಾತತ್ತ್ವ ವಸ್ತುಸಂಗ್ರಹಾಲಯದಲ್ಲಿ ಆ ಕಾಲದ ನಾಣ್ಯಗಳನ್ನು ಇಂದಿಗೂ ಕಾಣಬಹುದು. ಸಾವಿರಾರು ಜನ ದುಡಿದು ಕಟ್ಟಿದ ಸೌಧಕ್ಕಿಂತ ಹೆಬ್ಬೆರಳಿನ ಉಗುರಿನಷ್ಟಿದ್ದ ಬಿಲ್ಲೆ ಹೆಚ್ಚು ಕಾಲ ಬಾಳಿತು. ಲೌಕಿಕ ವೈಭವದ ನಶ್ವರತೆಯನ್ನು ಬೋಧಿಸಲು ಇದಕ್ಕಿಂತ ಬೇರೆ ಪಾಠ ಬೇಕೆ?

ಉಮಾಮಹೇಶ್ವರರ ಪ್ರಯಾಣ

ವಿಜಯನಗರ ಅಳಿದ ಬಳಿಕ ಅದರ ನಾಣ್ಯದ ಲಕ್ಷಣ ಹೇಗೆ ಮುಂದುವರಿಯಿತೆಂಬುದು ಸ್ವಾರಸ್ಯಕರವಾದ ಸಂಗತಿ. ಕೆಳದಿಯ ಅರಸರು ವೀರಶೈವ ಧರ್ಮಾವಲಂಬಿಗಳು. ಅವರ ಇಕ್ಕೇರಿ ವರಹದ ಮುಂಬದಿಯಲ್ಲಿ ಶಿವಪಾರ್ವತಿಯರು, ಹಿಂಬದಿಯಲ್ಲಿ ನಾಗರಿ ಅಕ್ಷರದಲ್ಲಿ ‘ಶ್ರೀ ಸದಾಶಿವ’ ಎಂಬ ಬರಹ. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದನು. ಕೆಳದಿ ರಾಜ್ಯ ಮುಗಿಯಿತು. ಆದರೆ ಜನರು ನಂಬಿದ ನಾಣ್ಯದ ರೂಪವನ್ನು ಬದಲಿಸುವುದು ಸುಲಭವಲ್ಲವೆಂದು ಆತನು ಅರಿತಿದ್ದನೆಂದು ತೋರುತ್ತದೆ. ಆತನ ಬಹಾದ್ದೂರಿ ವರಹದ ಮುಂಬದಿಯಲ್ಲಿ ಅದೇ ಶಿವಪಾರ್ವತಿಯರು ಉಳಿದರು; ಹಿಂಬದಿಯಲ್ಲಿ ಮಾತ್ರ ಆತನ ಹೆಸರಿನ ಮೊದಲ ಪಾರಸಿ ಅಕ್ಷರ ಬಂದಿತು. 1799ರ ಅನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಹೊರಟ ವರಹದ ಮೇಲೂ ಶಿವಪಾರ್ವತಿಯರೇ. ಹಿಂದೆ ‘ಶ್ರೀ ಕೃಷ್ಣರಾಜ’. ಕೆಳದಿ, ಬಿದನೂರು, ಶ್ರೀರಂಗಪಟ್ಟಣ, ಮೈಸೂರು ಎಂದು ಅರಮನೆಗಳು ಬದಲಾದರೂ ವರಹದ ಮೇಲೆ ಶಿವಪಾರ್ವತಿಯರು ಮತ್ತೆ ಮತ್ತೆ ಬಂದರು.

ಮೈಸೂರಿನ ಅರಮನೆಯ ಕಥೆಯೂ ಇಲ್ಲಿ ನೆನಪಾಗುತ್ತದೆ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ ಅಲ್ಲಿದ್ದ ಮರದ ಅರಮನೆ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ 1912ರಲ್ಲಿ ಮುಗಿದ ಹೊಸ ಅರಮನೆಗೆ ತಗುಲಿದ ವೆಚ್ಚ 41,47,913 ರೂಪಾಯಿ. ಇಂದು ಚಿತ್ರಪಟಗಳಲ್ಲಿ ನಾವು ಕಾಣುವುದು ಈ ಹೊಸ ಅರಮನೆಯನ್ನೇ. ನಮ್ಮ ಸಂಡೂರಿನ ಘೋರ್ಪಡೆ ಮನೆತನದ ಸಂಸ್ಥಾನವೂ 1949ರಲ್ಲಿ ವಿಲೀನವಾಯಿತು. ಅವರ ಶಿವವಿಲಾಸ ಅರಮನೆ ಈಗ ಅತಿಥಿಗಳು ತಂಗುವ ತಾಣವಾಗಿದೆ. ಅರಮನೆಗಳಿಗೆ ಕಾಲ ಒದಗಿಸುವ ಗತಿ ಹೀಗೆ ನಾನಾ ವಿಧ.

ಭಂಡಾರಿಯ ಬೆಳ್ಳಿಯ ಮುಖ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರವನ್ನು ನೋಡಿಕೊಂಡವರು ಬಸವಣ್ಣನವರು. ಭಂಡಾರಿಯೆಂಬ ಹೆಸರು ಅವರಿಗೆ ಬಂದುದು ಆ ಕಾಯಕದಿಂದ. ಅರಸನ ಬೊಕ್ಕಸದ ಬೀಗ ಕೈಯಲ್ಲಿದ್ದರೂ ಅನ್ಯರ ಧನಕ್ಕೆ ಆಸೆಪಡದೆ ನಡೆದ ಆ ಮಹಾಮಹಿಮರ ಹೆಸರಿನಲ್ಲಿ ಭಾರತ ಸರ್ಕಾರವು 2006ರಲ್ಲಿ ಐದು ರೂಪಾಯಿಯ ನಾಣ್ಯವನ್ನೂ ನೂರು ರೂಪಾಯಿಯ ಬೆಳ್ಳಿಯ ಸ್ಮಾರಕ ನಾಣ್ಯವನ್ನೂ ಹೊರಡಿಸಿತು. ಬಿಜ್ಜಳನ ಅರಮನೆಯನ್ನು ಯಾವ ನಾಣ್ಯವೂ ಸ್ಮರಿಸಲಿಲ್ಲ. ಅಲ್ಲಿ ಲೆಕ್ಕ ಬರೆದವರ ಮುಖ ಎಂಟು ಶತಮಾನಗಳ ಮೇಲೆ ನಾಣ್ಯದ ಮೇಲೆ ಮೂಡಿತು. ಐದು ರೂಪಾಯಿಯ ಆ ನಾಣ್ಯ ಅನೇಕ ಭಕ್ತರ ಮನೆಗಳ ಚಿಲ್ಲರೆ ಡಬ್ಬಿಯಲ್ಲಿ ಈಗಲೂ ಇರಬಹುದು. ಹುಡುಕಿ ನೋಡಿ ತೆಗೆದಿರಿಸಬೇಕು.

ಕುರೆಕುಪ್ಪದ ಒಂದು ಪ್ರಶ್ನೆ

ಈಗ ಮನೆಯ ಮಾತಿಗೆ ಬರೋಣ. ಕುರೆಕುಪ್ಪದ ಭಕ್ತರ ಕುಟುಂಬವೊಂದರಲ್ಲಿ ಹಿರಿಯ ತಾಯಿಯೊಬ್ಬರು ತಮ್ಮ ಬಳಿ ಇಪ್ಪತ್ತೊಂದು ಬೆಳ್ಳಿಯ ರೂಪಾಯಿಗಳನ್ನು ಬಟ್ಟೆಯಲ್ಲಿ ಗಂಟುಕಟ್ಟಿ ಇಟ್ಟಿದ್ದರು. ಜೋಳ, ಹತ್ತಿ ಮಾರಿದ ರೊಕ್ಕದಲ್ಲಿ ಉಳಿಸಿ ಅವರ ತಾಯಿಗೆ ಮದುವೆಯಲ್ಲಿ ಕೊಟ್ಟವುಗಳು ಅವು. ಮೊಮ್ಮಗನ ಲಿಂಗದೀಕ್ಷೆ ಹತ್ತಿರ ಬಂದಿತ್ತು. ಆ ರೂಪಾಯಿಗಳನ್ನು ಕರಗಿಸಿ ಕರಡಿಗೆ ಮಾಡಿಸಬೇಕು, ಮಿಕ್ಕ ಬೆಳ್ಳಿಗೆ ಬದಲಾಗಿ ಅರಮನೆಯ ಚಿತ್ರದ ಹೊಸ ಬಿಲ್ಲೆಗಳನ್ನು ತರಬೇಕು ಎಂಬುದು ಮಗನ ವಿಚಾರ. ‘ಶಾಸ್ತ್ರಿಗಳೇ, ಲಿಂಗಯ್ಯನ ಕರಡಿಗೆಗೆ ಅಂದರೆ ನಾನು ಬ್ಯಾಡ ಅನ್ನಬಾರದು, ಆದರೆ ಮನಸ್ಸು ಒಪ್ಪವಲ್ಲದು’ ಎಂದು ಆ ತಾಯಿ ನಮ್ಮ ಮುಂದೆ ಹೇಳಿದರು. ಅವರ ಹಿರಿಯ ಮಗನ ಪಾಲಿಗೆ ಹೋಗಿದ್ದ ಇಷ್ಟೇ ರೂಪಾಯಿಗಳು ಅದಕ್ಕೂ ಎರಡು ವರ್ಷ ಮುಂಚೆಯೇ ಕುಲುಮೆ ಸೇರಿದ್ದವು. ಅವುಗಳ ಮೇಲೆ ಯಾವ ಇಸವಿಯಿತ್ತು, ಯಾರ ಮುಖವಿತ್ತು ಎಂದು ಕೇಳಿದರೆ ಆ ಮನೆಯಲ್ಲಿ ಹೇಳಬಲ್ಲವರು ಯಾರೂ ಇರಲಿಲ್ಲ.

ನಾವು ಅವರೆಲ್ಲರನ್ನೂ ಕೂರಿಸಿ ಗಂಟನ್ನು ಬಿಚ್ಚಿಸಿದೆವು. ಇಸವಿಗಳನ್ನು ಒಂದೊಂದಾಗಿ ಓದಿಸಿದೆವು. ವಿಕ್ಟೋರಿಯಾಳ ನಾಣ್ಯಗಳಲ್ಲಿ 1876ರವರೆಗಿನವುಗಳ ಮೇಲೆ ರಾಣಿಯೆಂದೂ 1877ರಿಂದೀಚಿನವುಗಳ ಮೇಲೆ ಸಾಮ್ರಾಜ್ಞಿಯೆಂದೂ ಬರೆದಿರುತ್ತದೆ. ಅನಂತರ ಏಳನೆಯ ಎಡ್ವರ್ಡ್, ಐದನೆಯ ಜಾರ್ಜ್. ಈ ಮೂವರ ರೂಪಾಯಿಗಳ ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಶುದ್ಧ ಬೆಳ್ಳಿಯ ಲೆಕ್ಕದಲ್ಲಿ ಸುಮಾರು 10.7 ಗ್ರಾಂ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಳ್ಳಿಗೆ ಅಭಾವ ಬಂದುದರಿಂದ 1940ರಿಂದ ಆರನೆಯ ಜಾರ್ಜನ ರೂಪಾಯಿಗಳಲ್ಲಿ ಬೆಳ್ಳಿಯನ್ನು ಅರ್ಧಕ್ಕಿಳಿಸಿದರು. ನೂರಕ್ಕೆ 50 ಬೆಳ್ಳಿ, 40 ತಾಮ್ರ, 5 ನಿಕ್ಕಲ್, 5 ಸತುವು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್. 2023ರ 75 ರೂಪಾಯಿಯ ಸಂಸತ್ ಭವನ ನಾಣ್ಯದ ಮಿಶ್ರಣವೂ ಯುದ್ಧಕಾಲದ ಆ ರೂಪಾಯಿಯ ಮಿಶ್ರಣವೂ ಒಂದೇ ಎಂಬುದು ಗಮನಾರ್ಹ.

ಆ ತಾಯಿಯ ಗಂಟಿನಲ್ಲಿ ಎರಡು ಬಗೆಯ ರೂಪಾಯಿಗಳೂ ಇದ್ದವು. ಎಲ್ಲವನ್ನೂ ಒಂದೇ ಮೂಸೆಯಲ್ಲಿ ಕರಗಿಸಿದ್ದರೆ ಒಳ್ಳೆಯ ಬೆಳ್ಳಿಗೆ ಅರ್ಧ ಬೆಳ್ಳಿ ಬೆರೆತು ಕರಡಿಗೆಯ ಲೋಹದ ಗುಣವೂ ಕೆಡುತ್ತಿತ್ತು, ಮಾರಿದರೆ ಬರುವ ಬೆಲೆಯೂ ಕುಗ್ಗುತ್ತಿತ್ತು. ಮಗನು ಲೆಕ್ಕವನ್ನು ಅರಿತು ಒಪ್ಪಿದನು. ಹೊಸ ಬೆಳ್ಳಿಯಲ್ಲಿ ಸಣ್ಣದೊಂದು ಕರಡಿಗೆ ಮಾಡಿಸಿದರು. ದೀಕ್ಷೆಯ ದಿನ ಅಜ್ಜಿಯು ಮೊಮ್ಮಗನ ಕೈಗೆ ಒಂದು ರೂಪಾಯಿಯನ್ನು ಕೊಟ್ಟು ಅದು ಯಾರದು, ಯಾವ ಬೆಳೆಯ ರೊಕ್ಕ ಎಂಬುದನ್ನು ಹೇಳಿದರು. ಉಳಿದವು ಗಂಟಿನಲ್ಲಿಯೇ ಇವೆ. ಹಿರಿಯ ಮಗನ ಮನೆಯ ರೂಪಾಯಿಗಳನ್ನು ಮಾತ್ರ ಯಾರೂ ಮರಳಿ ತರಲಾರರು.

ಕುಟುಂಬಗಳಿಗೆ ಕೆಲವು ಸೂಚನೆಗಳು

ಮೊದಲನೆಯದಾಗಿ, ನಾಣ್ಯಕ್ಕೂ ಬಿಲ್ಲೆಗೂ ಇರುವ ಭೇದವನ್ನು ಅರಿಯಬೇಕು. ನಮ್ಮ ದೇಶದಲ್ಲಿ ನಾಣ್ಯವನ್ನು ಟಂಕಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಮಾತ್ರ ಉಂಟು. 2011ರ ನಾಣ್ಯ ಕಾಯ್ದೆಯಂತೆ ಸಾವಿರ ರೂಪಾಯಿಯವರೆಗಿನ ಮುಖಬೆಲೆಯ ನಾಣ್ಯವನ್ನು ಅದು ಹೊರಡಿಸಬಹುದು. ಮುಂಬಯಿ, ಕೋಲ್ಕತ್ತ, ಹೈದರಾಬಾದ್, ನೋಯ್ಡಾಗಳಲ್ಲಿ ಟಂಕಸಾಲೆಗಳಿವೆ. ಇಸವಿಯ ಕೆಳಗೆ ವಜ್ರಾಕೃತಿಯಿದ್ದರೆ ಮುಂಬಯಿಯದು, ನಕ್ಷತ್ರವಿದ್ದರೆ ಹೈದರಾಬಾದಿನದು, ಚುಕ್ಕೆಯಿದ್ದರೆ ನೋಯ್ಡಾದ್ದು. ಯಾವ ಗುರುತೂ ಇಲ್ಲದಿದ್ದರೆ ಕೋಲ್ಕತ್ತದ್ದು. ಮುಖಬೆಲೆಯಿಲ್ಲದೆ ಕೇವಲ ಅರಮನೆಯ ಅಥವಾ ದೇವರ ಚಿತ್ರವಿರುವ ಅಂಗಡಿಯ ಬೆಳ್ಳಿಯು ಬಿಲ್ಲೆಯೇ ಹೊರತು ನಾಣ್ಯವಲ್ಲ. ಅದನ್ನು ಕೊಳ್ಳುವಾಗ ಶುದ್ಧತೆಯ ಮುದ್ರೆಯನ್ನು ನೋಡಿ, ರಸೀದಿಯಲ್ಲಿ ತೂಕವನ್ನೂ ಶುದ್ಧತೆಯನ್ನೂ ಬರೆಯಿಸಿಕೊಳ್ಳಬೇಕು.

ಎರಡನೆಯದಾಗಿ, ಸರ್ಕಾರದ ಸ್ಮಾರಕ ನಾಣ್ಯಗಳನ್ನು ಅವುಗಳ ಮುಖಬೆಲೆಗಿಂತ ಹೆಚ್ಚಿನ ದರಕ್ಕೆ ಮಾರಲಾಗುತ್ತದೆ. 35 ಗ್ರಾಂ ತೂಕವೆಂದೊಡನೆ ಅಷ್ಟೂ ಬೆಳ್ಳಿಯೆಂದು ಭಾವಿಸಬಾರದು. ಅರ್ಧ ಬೆಳ್ಳಿಯ ನಾಣ್ಯದಲ್ಲಿ ಇರುವುದು ಹದಿನೇಳೂವರೆ ಗ್ರಾಂ. ನೂರಕ್ಕೆ 80ರದ್ದರಲ್ಲಿ 28 ಗ್ರಾಂ. ನೆನಪಿಗಾಗಿ ಕೊಳ್ಳುವವರು ಕೊಳ್ಳಲಿ. ಬೆಳ್ಳಿಗಾಗಿ ಕೊಳ್ಳುವವರು ಲೆಕ್ಕ ಹಾಕಿ ಕೊಳ್ಳಲಿ.

ಮೂರನೆಯದಾಗಿ, ನಮ್ಮ ಮನೆಗಳಲ್ಲಿ ಬೆಳ್ಳಿಯ ಪಾತ್ರೆಗಳನ್ನು ವಿಭೂತಿಯಿಂದಲೋ ಹುಣಸೆಹಣ್ಣಿನಿಂದಲೋ ತಿಕ್ಕುವುದು ರೂಢಿ. ತಟ್ಟೆಗೆ, ಬಟ್ಟಲಿಗೆ ಅದು ಸರಿ. ಹಳೆಯ ನಾಣ್ಯವನ್ನು ಹಾಗೆ ತಿಕ್ಕಬಾರದು. ತಿಕ್ಕಿದಷ್ಟೂ ಅಕ್ಷರವೂ ಮುಖವೂ ಸವೆಯುತ್ತವೆ. ಅದರ ಮೇಲಿನ ಕಪ್ಪು ಅದರ ವಯಸ್ಸು. ಹತ್ತಿಯ ಬಟ್ಟೆಯಲ್ಲಿ ಅಥವಾ ಕಾಗದದ ಲಕೋಟೆಯಲ್ಲಿ ಒಣಗಿದ ಜಾಗದಲ್ಲಿ ಇಟ್ಟರೆ ಸಾಕು.

ನಾಲ್ಕನೆಯದು ಈ ಸೀಮೆಯವರಿಗೆ ವಿಶೇಷವಾಗಿ ಹೇಳಬೇಕಾದುದು. ತೋರಣಗಲ್ಲು, ಕುರೆಕುಪ್ಪಗಳ ಸುತ್ತ ಕಾರ್ಖಾನೆಗಳು ಬಂದ ಮೇಲೆ ಮನೆಗಳ ಪಾಯ, ಕೊಳವೆಯ ಕಾಲುವೆ, ರಸ್ತೆ ಎಂದು ನೆಲ ಅಗೆಯುವ ಕೆಲಸ ಹೆಚ್ಚಾಗಿದೆ. ಇದು ವಿಜಯನಗರದ ರಾಜಧಾನಿಗೆ ಸಮೀಪದ ನೆಲ. ಅಗೆಯುವಾಗ ಹಳೆಯ ನಾಣ್ಯಗಳು ದೊರೆತರೆ ಅದು ನಿಧಿಯೆನಿಸುತ್ತದೆ. ಜಿಲ್ಲಾಡಳಿತಕ್ಕೆ ತಿಳಿಸುವುದು ಕಾನೂನಿನ ಕಟ್ಟಳೆ. ಗುಟ್ಟಾಗಿ ಕರಗಿಸಿದರೆ ಅಪರಾಧವೂ ಹೌದು, ಇತಿಹಾಸಕ್ಕೆ ಬಗೆದ ದ್ರೋಹವೂ ಹೌದು. ನೂರು ವರ್ಷಕ್ಕೂ ಹಳೆಯದಾದ ನಾಣ್ಯವನ್ನು ಅನುಮತಿಯಿಲ್ಲದೆ ಹೊರದೇಶಕ್ಕೆ ಸಾಗಿಸುವುದನ್ನು 1972ರ ಪ್ರಾಚ್ಯವಸ್ತು ಕಾಯ್ದೆ ನಿಷೇಧಿಸಿದೆ.

ಕೊನೆಯದಾಗಿ, ಪ್ರತಿಯೊಂದು ಮನೆಯಲ್ಲಿಯೂ ಒಂದು ಸಣ್ಣ ಪುಸ್ತಕವಿರಲಿ. ಮನೆಯಲ್ಲಿರುವ ಹಳೆಯ ನಾಣ್ಯಗಳ ಇಸವಿ, ತೂಕ, ಅವು ಯಾರಿಂದ ಬಂದವು ಎಂಬುದನ್ನು ಹಿರಿಯರು ಜೀವಂತರಾಗಿರುವಾಗಲೇ ಕೇಳಿ ಬರೆದಿಡಿ. ನಾಣ್ಯದ ಮೇಲೆ ಅರಸನ ಹೆಸರು ಇರುತ್ತದೆ. ಅದನ್ನು ದುಡಿದು ಉಳಿಸಿದ ರೈತನ ಹೆಸರು ಇರುವುದಿಲ್ಲ. ಆ ಹೆಸರನ್ನು ಬರೆಯಬೇಕಾದವರು ಮನೆಯವರೇ. ಕಾಯಕದಿಂದ ಬಂದ ಒಂದು ರೂಪಾಯಿಗೆ ನಮ್ಮ ಪೂರ್ವಿಕರು ಕೊಟ್ಟ ಗೌರವವನ್ನು ಮಕ್ಕಳು ಅರಿಯುವುದು ಹೀಗೆ.

ಅರಮನೆಯ ಚಿತ್ರವುಳ್ಳ ಬೆಳ್ಳಿಯನ್ನು ಕೊಳ್ಳಬೇಡಿರೆಂದು ನಾವು ಹೇಳುವುದಿಲ್ಲ. ಕೊಂಡವರು ಬಿಡುವಿನ ದಿನವೊಂದರಲ್ಲಿ ಮಕ್ಕಳನ್ನು ಕಮಲಾಪುರಕ್ಕೂ ಹಂಪಿಗೂ ಕರೆದೊಯ್ದು, ಮೊದಲು ನಾಣ್ಯಗಳನ್ನು ತೋರಿಸಿ, ಬಳಿಕ ಅರಮನೆಯ ಬರಿಯ ಅಧಿಷ್ಠಾನದ ಮೇಲೆ ಸ್ವಲ್ಪ ಹೊತ್ತು ಕುಳಿತು ಬರಲಿ. ಉಳಿಯುವುದು ಯಾವುದು, ಅಳಿಯುವುದು ಯಾವುದು ಎಂಬುದನ್ನು ಅವರಿಗೆ ಬೇರೆಯವರು ಹೇಳಿಕೊಡಬೇಕಾಗುವುದಿಲ್ಲ.